ರೊಟ್ಟಿ ಬಡಿಯುವ ಕಟ್ಟೆಯಿಂದ ಶುರು ಮಾಡಿ: ಬಿಸಿಲೂರಿನ ಮನೆಗೆ ಒಳಾಂಗಣ ಮಾಡಿಸುವ ಕ್ರಮ

ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಎಷ್ಟೋ ಮನೆಗಳಿಗೆ ಅಡುಗೆಮನೆ ಎರಡಿರುತ್ತವೆ. ಒಂದರಲ್ಲಿ ಹೊಳೆಯುವ ಗ್ರಾನೈಟ್, ಬಣ್ಣದ ಕಪಾಟು, ಚಿಮ್ನಿ. ಇನ್ನೊಂದು ಹಿತ್ತಲ ಬಾಗಿಲ ಹತ್ತಿರ: ನೆಲದ ಮೇಲೊಂದು ಫರ್ಸಿ (ಚಪ್ಪಡಿ ಕಲ್ಲು), ಪಕ್ಕಕ್ಕೊಂದು ಒಲೆ. ದಿನದ ರೊಟ್ಟಿ ಆಗುವುದು ಈ ಎರಡನೆಯದರಲ್ಲಿ. ಲಕ್ಷಗಟ್ಟಲೆ ಖರ್ಚು ಮಾಡಿದ ಕಟ್ಟೆ ಖಾಲಿ ಬಿದ್ದಿರುತ್ತದೆ, ಮನೆಯ ಹೆಣ್ಣುಮಕ್ಕಳು ಬಗ್ಗಿ ಕೂತು ಸೊಂಟ ನೋಯಿಸಿಕೊಳ್ಳುತ್ತಿರುತ್ತಾರೆ. ಕಟ್ಟೆಯ ಎತ್ತರ ಗೊತ್ತುಮಾಡುವಾಗ ಅದರ ಮೇಲೆ ಏನು ಕೆಲಸ ಆಗುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ತೊಂದರೆಯ ಬುಡ ಅಲ್ಲಿದೆ.

ಒಳಾಂಗಣ ಎಂದ ಕೂಡಲೇ ಫಾಲ್ಸ್ ಸೀಲಿಂಗ್, ಟಿವಿ ಗೋಡೆ, ಬಣ್ಣ ಎಂದು ಹೊರಟರೆ ಹೀಗೇ ಆಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆ ದಿನಾ ಮಾಡುವ ಕೆಲಸ ಬೇರೆ. ರೊಟ್ಟಿ ಬಡಿಯಬೇಕು, ವರ್ಷದ ಜೋಳ–ತೊಗರಿ ಕಾಪಿಡಬೇಕು, ನೀರು ಬಂದ ದಿನ ಹಿಡಿದಿಡಬೇಕು, ಏಪ್ರಿಲ್–ಮೇ ತಿಂಗಳ 42–43 ಡಿಗ್ರಿ ಬಿಸಿಲು ತಡೆಯಬೇಕು, ಶರಣಬಸವೇಶ್ವರ ಜಾತ್ರೆಗೋ ಬಂದೇ ನವಾಜರ ಉರುಸಿಗೋ ಬಂದ ನೆಂಟರಿಗೆ ಹಾಸಿಗೆ ಹಾಸಬೇಕು. ಮೊದಲು ಇವಕ್ಕೆಲ್ಲ ಜಾಗ ಗೊತ್ತುಮಾಡಿ. ಅಲಂಕಾರ ಉಳಿದ ಜಾಗದಲ್ಲಿ ಕೂರಲಿ.

ಮೊದಲ ವಾರ: ಬರೀ ಬರೆದಿಡಿ

ಬಡಿಗನನ್ನು ಕರೆಯುವ ಮೊದಲು ಈಗಿರುವ ಮನೆಯಲ್ಲೇ ಏಳು ದಿನದ ದಿನಚರಿ ಬರೆಯಿರಿ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಸಾಕು: ಹೊತ್ತು, ಯಾರು, ಏನು ಕೆಲಸ, ಅದರ ಸಾಮಾನು ಎಲ್ಲಿಂದ ತಂದು ಎಲ್ಲಿಟ್ಟರು. ಬೆಳಗ್ಗೆ ಐದೂವರೆಯಿಂದ ಎಂಟೂವರೆ ತನಕ ಅರ್ಧರ್ಧ ಗಂಟೆಗೆ ಬರೆಯಿರಿ, ಏಕೆಂದರೆ ಮನೆಯ ಅರ್ಧ ಕೆಲಸ ಆ ಮೂರು ಗಂಟೆಯಲ್ಲೇ ಮುಗಿಯುತ್ತದೆ. ಉಳಿದ ಹೊತ್ತಿಗೆ ಎರಡು ಗಂಟೆಗೊಮ್ಮೆ ಸಾಕು. ಒಬ್ಬರೇ ಬರೆದರೆ ಆಗದು. ಅತ್ತೆಯವರು ಬರೆದದ್ದಕ್ಕೂ ಕಾಲೇಜಿಗೆ ಹೋಗುವ ಮಗಳು ಬರೆದದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ, ಆ ವ್ಯತ್ಯಾಸವೇ ನಮಗೆ ಬೇಕಾದದ್ದು.

ವಾರದ ಕೊನೆಗೆ ಮೂರು ಸಂಗತಿ ಹುಡುಕಿ. ಒಂದು, ಗುಡ್ಡೆ ಬೀಳುವ ಜಾಗಗಳು: ಕುರ್ಚಿಯ ಮೇಲಿನ ಬಟ್ಟೆ, ಫ್ರಿಜ್ ಮೇಲಿನ ಔಷಧಿ, ಬಾಗಿಲ ಮುಂದಿನ ಚಪ್ಪಲಿ. ಜನ ಸೋಮಾರಿಗಳಾಗಿ ಅಲ್ಲಿ ಇಡುವುದಿಲ್ಲ, ಅವರಿಗೆ ಅಲ್ಲೇ ಇಡುವ ಜಾಗ ಬೇಕಾಗಿದೆ. ಗುಡ್ಡೆ ಬಿದ್ದಲ್ಲೇ ಗೂಟವೋ ಕಪಾಟೋ ಮಾಡಿಸಿ. ಎರಡನೆಯದು, ಇಬ್ಬರು ಒಬ್ಬರಿಗೊಬ್ಬರು ಅಡ್ಡ ಬರುವ ಜಾಗ. ಒಬ್ಬರು ಎಸರಿಗೆ ನೀರು ಹಿಡಿಯುವಾಗ ಇನ್ನೊಬ್ಬರು ಟಿಫನ್ ಡಬ್ಬಿ ತೊಳೆಯಲು ಬಂದರೆ ಅಲ್ಲಿ ಇನ್ನೊಂದು ನಲ್ಲಿ ಬೇಕು. ಮೂರನೆಯದು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಒಂದೇ ಸಾಮಾನಿಗಾಗಿ ಬೇರೆ ಕೋಣೆಗೆ ಹೋಗುವುದು.

ನೆಲದ ಮೇಲೆ ಪೂರ್ತಿ ಅಳತೆಯ ನಕ್ಷೆ

ಕಾಗದದ ನಕ್ಷೆಯಲ್ಲಿ ಎಲ್ಲ ಹಿಡಿಸುತ್ತದೆ, ಕೋಣೆಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಖಾಲಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದಲೋ ರಂಗೋಲಿ ಪುಡಿಯಿಂದಲೋ ಮಂಚ, ಕಪಾಟು, ದಿವಾನ ಎಲ್ಲವನ್ನೂ ಪೂರ್ತಿ ಅಳತೆಯಲ್ಲಿ ಬರೆಯಿರಿ. ಬಟ್ಟೆ ಕಪಾಟಿನ ಆಳ 24 ಇಂಚು, ಅದರ ಬಾಗಿಲು ತೆರೆಯಲು ಮುಂದೆ ಇನ್ನೂ 18ರಿಂದ 20 ಇಂಚು. ಮಂಚದ ಪಕ್ಕ ನಡೆಯಲು 24 ಇಂಚು. ಮನೆಮಂದಿ ಓಡಾಡುವ ದಾರಿ 36 ಇಂಚು, ಇಕ್ಕಟ್ಟು ಎಂದರೂ 30ಕ್ಕಿಂತ ಕಡಿಮೆ ಬೇಡ. ಅಡುಗೆಮನೆಯಲ್ಲಿ ಎದುರುಬದುರು ಕಟ್ಟೆ ಇದ್ದರೆ ನಡುವೆ 42 ಇಂಚು. ಗೆರೆ ಹಾಕಿದ ಮೇಲೆ ತುಂಬಿದ ಕೊಡ ಕಂಕುಳಲ್ಲಿ ಇಟ್ಟುಕೊಂಡು ಒಂದು ಸುತ್ತು ನಡೆದು ನೋಡಿ. ಎಲ್ಲಿ ಮೈ ತಿರುಗಿಸಬೇಕಾಗುತ್ತದೋ ಅಲ್ಲಿ ಗೆರೆ ಅಳಿಸಿ ಮತ್ತೆ ಬರೆಯಿರಿ.

ರೊಟ್ಟಿ ಕಟ್ಟೆ

ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ದಿನಕ್ಕೆ ಹದಿನೈದು ಇಪ್ಪತ್ತು ರೊಟ್ಟಿ ಆಗುವ ಮನೆಯಲ್ಲಿ ಒಬ್ಬರು ಒಂದು ತಾಸು ಇದೇ ಜಾಗದಲ್ಲಿ ನಿಲ್ಲುತ್ತಾರೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿ. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹಾಕುತ್ತಾರೆ, ಅಂಗೈಯ ಬುಡದಿಂದ ಒತ್ತಿ ನಾದುತ್ತಾರೆ, ಕೆಳಗೆ ಹಿಟ್ಟು ಉದುರಿಸಿ ಉಂಡೆ ಇಟ್ಟು ತಿರುಗಿಸುತ್ತ ಬಡಿಯುತ್ತಾರೆ, ಎತ್ತಿ ಹಂಚಿಗೆ ಹಾಕುತ್ತಾರೆ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ, ಮಗುಚುತ್ತಾರೆ, ಬೆಂದದ್ದನ್ನು ಬುಟ್ಟಿಗೆ ಹಾಕುತ್ತಾರೆ. ನಾದುವಾಗ ಭುಜದ ಭಾರ ಕೆಳಗಿಳಿಯಬೇಕು. ಕಟ್ಟೆ ಎತ್ತರವಾದರೆ ಭುಜ ಮೇಲಕ್ಕೇರಿ ಮಣಿಕಟ್ಟು ಒಂದೇ ಎಲ್ಲ ಒತ್ತಡ ತಡೆಯಬೇಕಾಗುತ್ತದೆ. ಕೈ ನೋವು ಬರುವುದು ಹಾಗೆ.

ಎತ್ತರ ಹೀಗೆ ಗೊತ್ತುಮಾಡಿ. ರೊಟ್ಟಿ ಮಾಡುವವರು ಬರಿಗಾಲಲ್ಲಿ ನೇರ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈ ತನಕ ಅಳೆಯಿರಿ. ಐದು ಅಡಿ ಎತ್ತರದವರಿಗೆ ಅದು 37–38 ಇಂಚು ಬರುತ್ತದೆ. ಕಾಯಿಪಲ್ಲೆ ಹೆಚ್ಚುವ ಕಟ್ಟೆ ಮೊಣಕೈಗಿಂತ 4 ಇಂಚು ಕೆಳಗಿರಲಿ, ಅಂದರೆ 33–34. ನಾದಿ ಬಡಿಯುವ ಕಟ್ಟೆ 8 ಇಂಚು ಕೆಳಗಿರಲಿ, ಅಂದರೆ 29–30. ಗ್ಯಾಸ್ ಒಲೆಯೇ 5 ಇಂಚು ಎತ್ತರ ಇರುವುದರಿಂದ ಒಲೆಯನ್ನೂ ಈ ತಗ್ಗು ಕಟ್ಟೆಯ ಮೇಲೇ ಇಟ್ಟರೆ ಹಂಚು 34–35 ಇಂಚಿಗೆ ಬರುತ್ತದೆ, ಮಗುಚಲು ಕೈ ಎತ್ತಬೇಕಿಲ್ಲ. ಹೀಗೆ ಅಡುಗೆಮನೆಗೆ ಎರಡು ಮಟ್ಟದ ಕಟ್ಟೆ ಆಗುತ್ತದೆ: ಒಲೆ ಮತ್ತು ರೊಟ್ಟಿಗೆ ತಗ್ಗಿನದು, ಸಿಂಕ್ ಮತ್ತು ಹೆಚ್ಚುವುದಕ್ಕೆ ಎತ್ತರದ್ದು. ಒಂದೇ ಮಟ್ಟ ಇದ್ದರೆ ಚೆಂದ ಎಂದು ಕೆಲಸದವರು ಹೇಳುತ್ತಾರೆ. ಒಪ್ಪಬೇಡಿ.

ತಗ್ಗು ಕಟ್ಟೆಯ ಉದ್ದ ಐದೂವರೆ ಅಡಿ ಬೇಕು. ಎರಡು ಬರ್ನರ್ ಒಲೆಗೆ 28 ಇಂಚು, ಬಡಿಯಲು 24 ಇಂಚು, ಬುಟ್ಟಿಗೆ 14 ಇಂಚು. ಬಡಿಯುವ ಜಾಗ ಒಲೆಯ ಯಾವ ಬದಿಗೆ ಎಂಬುದನ್ನು ಪುಸ್ತಕ ನೋಡಿ ತೀರ್ಮಾನಿಸಬೇಡಿ, ರೊಟ್ಟಿ ಎತ್ತಿ ಹಾಕುವವರ ಕೈ ಯಾವ ಕಡೆ ತಿರುಗುತ್ತದೆಂದು ನೋಡಿ.

ಕಟ್ಟೆಯ ಒಳಗಟ್ಟು ಗಟ್ಟಿ ಇರಬೇಕು. ಪ್ಲೈವುಡ್ ಪೆಟ್ಟಿಗೆಗಳ ಮೇಲೆ 18 ಮಿ.ಮೀ. ಗ್ರಾನೈಟ್ ಹಾಸಿ ಅದರ ಮೇಲೆ ದಿನಾ ಬಡಿದರೆ ಆರು ತಿಂಗಳಲ್ಲಿ ಸ್ಕ್ರೂ ಸಡಿಲಾಗುತ್ತದೆ, ಒಲೆಯ ಮೇಲಿನ ಪಾತ್ರೆ ಕುಣಿಯುತ್ತದೆ, ಕಲ್ಲು ಕೊರೆದ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಗೌಂಡಿಯಿಂದ ಎರಡೆರಡು ಅಡಿಗೊಂದು ನಿಂತ ಫರ್ಸಿ ಕೊಡಿಸಿ, ಅದರ ಮೇಲೆ ಒಂದಿಂಚಿನ ಫರ್ಸಿ ಹಾಸು, ಅದರ ಮೇಲೆ ಸಿಮೆಂಟಿನಲ್ಲಿ ಕೂರಿಸಿದ ಮೇಲ್ಗಲ್ಲು. ಮೇಲ್ಗಲ್ಲಿನ ಜೋಡಣೆ ಬಡಿಯುವ ಜಾಗದಲ್ಲಿ ಬರಬಾರದು. ಮುಂದಿನ ಅಂಚು ಅರ್ಧ ದುಂಡಗಿರಲಿ, ಪಕ್ಕ ಮತ್ತು ಹಿಂದೆ ಮಾತ್ರ ಹಿಟ್ಟು ಹೋಗದಂತೆ ಕಾಲು ಇಂಚಿನ ತಡೆ. ಮುಂದೆಯೂ ತಡೆ ಇಟ್ಟರೆ ಮಣಿಕಟ್ಟಿಗೆ ಬಡಿಯುತ್ತದೆ.

ಮೇಲ್ಗಲ್ಲಿಗೆ ನಯವಾಗಿ ತಿಕ್ಕಿದ ಶಹಾಬಾದ್ ಕಲ್ಲು ಈ ಜಾಗಕ್ಕೆ ಚೆನ್ನಾಗಿ ಒಗ್ಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ನಮ್ಮದೇ ಕಲ್ಲು, ಸುಣ್ಣದ ಕಲ್ಲಿನ ಜಾತಿ. ಹಾಗಾಗಿಯೇ ಹುಳಿ ತಾಗಿದರೆ ಕೆಡುತ್ತದೆ. ನಿಂಬೆರಸ, ಹುಣಸೆಹಣ್ಣಿನ ನೀರು ಬಿದ್ದಲ್ಲಿ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ, ಎಷ್ಟು ತಿಕ್ಕಿದರೂ ಹೋಗದು. ರೊಟ್ಟಿ ಕಟ್ಟೆಗೆ ಹುಳಿಯ ಕೆಲಸ ಇಲ್ಲ, ಅಲ್ಲಿ ಶಹಾಬಾದ್ ಕಲ್ಲು ಹಾಕಿ. ಹೆಚ್ಚುವ ಕಡೆ, ಸಿಂಕ್ ಸುತ್ತ ಗ್ರಾನೈಟ್ ಹಾಕಿ.

ಹಿಟ್ಟಿನ ಡಬ್ಬಿ ಕಟ್ಟೆಯ ಕೆಳಗೇ ಇರಲಿ, ಆದರೆ ಚಾನೆಲ್ ಮೇಲೆ ಓಡುವ ಡ್ರಾಯರ್‌ನಲ್ಲಿ ಬೇಡ. ಜೋಳದ ಹಿಟ್ಟಿನ ಸಣ್ಣ ಪುಡಿ ಚಾನೆಲ್‌ನ ಗುಂಡುಗಳೊಳಗೆ ಸೇರಿ ಎಣ್ಣೆಯ ಜತೆ ಗಟ್ಟಿಯಾಗುತ್ತದೆ, ಆಮೇಲೆ ಡ್ರಾಯರ್ ಅರ್ಧಕ್ಕೆ ನಿಲ್ಲುತ್ತದೆ. ಗಾಲಿ ಹಚ್ಚಿದ ಹಲಗೆಯ ಮೇಲೆ 15 ಕೆ.ಜಿ. ಡಬ್ಬಿ ಇಟ್ಟು ಎಳೆದುಕೊಳ್ಳುವುದು ಸುಲಭ. ಚಿಮ್ನಿಯದೂ ಇದೇ ಕಥೆ: ಹಿಟ್ಟು ಮತ್ತು ಒಗ್ಗರಣೆಯ ಎಣ್ಣೆ ಸೇರಿ ಜಾಳಿಗೆ ಮುಚ್ಚಿಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ತೊಳೆಯುವ ಶಕ್ತಿ ಇಲ್ಲದಿದ್ದರೆ ಒಲೆಯ ಮೇಲ್ಗಡೆ ಗೋಡೆಯಲ್ಲಿ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಅದರ ಎದುರು ಬದಿಯಲ್ಲಿ ಕಿಟಕಿಯೋ ಬಾಗಿಲೋ ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಹೊಗೆ ಹೋಗುವುದಿಲ್ಲ.

ನಿಲ್ಲಲಾರದ ಹಿರಿಯರು ಮನೆಯಲ್ಲಿದ್ದರೆ 18 ಇಂಚಿನ ಸ್ಟೂಲು, ಅದರ ಮುಂದೆ 25 ಇಂಚು ಎತ್ತರದ ತೆಳು ಕಲ್ಲು, ಕೆಳಗೆ ಮೊಣಕಾಲಿಗೆ ಖಾಲಿ ಜಾಗ ಕೊಡಿ. ಗ್ಯಾಸ್ ಒಲೆಯನ್ನು ಮಾತ್ರ ನೆಲಕ್ಕಿಳಿಸಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆಯೇ ಹರಡುತ್ತದೆ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲಿರಬೇಕು, ಸಿಲಿಂಡರ್ ನೇರ ನಿಂತಿರಬೇಕು, ಅದನ್ನಿಟ್ಟ ಕಪಾಟಿನ ಬಾಗಿಲಿಗೆ ನೆಲದ ಹತ್ತಿರ ಗಾಳಿಕಿಂಡಿ ಇರಬೇಕು, ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಕಾಳುಕಡಿ ಕೋಣೆ

ದಿನಕ್ಕೆ ಒಂದು ಕೆ.ಜಿ. ಹಿಟ್ಟು ಬೇಕಾಗುವ ಮನೆಗೆ ವರ್ಷಕ್ಕೆ ಮೂರೂವರೆ ಕ್ವಿಂಟಾಲ್‌ಗಿಂತ ಹೆಚ್ಚು ಜೋಳ ಬೇಕು. 18 ಇಂಚು ಅಗಲ, 36 ಇಂಚು ಎತ್ತರದ ಒಂದು ತಗಡಿನ ಡ್ರಮ್ಮಿನಲ್ಲಿ ಸುಮಾರು ಒಂದು ಕ್ವಿಂಟಾಲ್ ಹಿಡಿಯುತ್ತದೆ. ಜೋಳಕ್ಕೆ ನಾಲ್ಕು, ತೊಗರಿಬೇಳೆಗೆ ಒಂದು ಸಣ್ಣದು. ಗೋಡೆಗುಂಟ 8–9 ಅಡಿ ಉದ್ದ, 2 ಅಡಿ ಆಳದ ಜಾಗ ಇದಕ್ಕೆ ಬಿಡಲೇಬೇಕು. ನಕ್ಷೆಯಲ್ಲಿ ಇದು ಬರುವುದೇ ಇಲ್ಲ, ಆಮೇಲೆ ಡ್ರಮ್ಮುಗಳು ಮಲಗುವ ಕೋಣೆಗೆ ಬಂದು ಕೂರುತ್ತವೆ.

ಡ್ರಮ್ಮಿಗೆ ಕೆಳಗೆ 4 ಇಂಚಿನ ಫರ್ಸಿ ಪೀಠ, ಗೋಡೆಯಿಂದ 4 ಇಂಚು ದೂರ. ಬಚ್ಚಲಿಗೆ ಹೊಂದಿದ ಗೋಡೆ ಬೇಡ, ತೇವ ಬರುತ್ತದೆ. ಅಟ್ಟದ ಮೇಲೆ ಬೇಡವೇ ಬೇಡ, ನಾಲ್ಕು ಕ್ವಿಂಟಾಲ್ ಭಾರಕ್ಕಾಗಿ ಆ ಸ್ಲ್ಯಾಬ್ ಹಾಕಿರುವುದಿಲ್ಲ. ಬಿಸಿಲಿಗೆ ಒಣಗಿಸಿದ ಕಾಳನ್ನು ಆರಿಸದೆ ಬಿಸಿಬಿಸಿ ತುಂಬಿದರೆ ಒಳಗೆ ಬೆವರು ಕಟ್ಟಿ ಬೂಷ್ಟು ಹಿಡಿಯುತ್ತದೆ. ಒಂದು ರಾತ್ರಿ ನೆರಳಲ್ಲಿ ಹರಡಿ ತಣ್ಣಗಾದ ಮೇಲೆ ತುಂಬಿ, ಮುಚ್ಚಳ ಬಿಗಿ ಮಾಡಿ.

ನೀರು ಬರುವ ದಿನ

ನೀರು ದಿನಾ ಬರುವುದಿಲ್ಲ ಎಂಬ ಲೆಕ್ಕದಲ್ಲೇ ಒಳಾಂಗಣ ಮಾಡಿ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಐದು ಮಂದಿಗೆ ನಾಲ್ಕು ದಿನಕ್ಕೆ 2,700 ಲೀಟರ್ ಆಯಿತು. ಅದು ಸಂಪು ಮತ್ತು ಮೇಲಿನ ಟ್ಯಾಂಕಿನ ಪಾಲು. ಕುಡಿಯಲು ಮತ್ತು ಅಡುಗೆಗೆ ಬೇಕಾದ್ದು ತಲೆಗೆ 7–8 ಲೀಟರ್, ನಾಲ್ಕು ದಿನಕ್ಕೆ ಹತ್ತಿರ ಹತ್ತಿರ 160 ಲೀಟರ್. ಇದನ್ನು ಎಲ್ಲಿ ಹಿಡಿದಿಡುತ್ತೀರಿ? ಇಂಥ ಜಾಗವೆಂದು ಗೊತ್ತುಮಾಡದ ಮನೆಯಲ್ಲಿ ಕೊಡಗಳು ಊಟದ ಮೇಜಿನ ಕೆಳಗೆ ಸೇರಿಕೊಳ್ಳುತ್ತವೆ.

ಅಡುಗೆಮನೆಯ ಒಂದು ಗೋಡೆಗೆ 5 ಅಡಿ ಉದ್ದ, 16 ಇಂಚು ಆಳ, 18 ಇಂಚು ಎತ್ತರದ ಕಲ್ಲಿನ ಹಾಸು ಮಾಡಿಸಿ. ಮೇಲೆ ಕೊಡ ಎತ್ತದೆಯೇ ತುಂಬುವಂತೆ ಉದ್ದ ಮೂತಿಯ ನಲ್ಲಿ, ಕೆಳಗೆ ಚೆಲ್ಲಿದ ನೀರು ಹೋಗಲು ಜಾಲರಿ. ಪಾತ್ರೆ ಸೇರಿ ಇನ್ನೂರು ಕೆ.ಜಿ. ಭಾರ ಅದು, ಪ್ಲೈವುಡ್ ತಡೆಯದು. ಹರವಿಯನ್ನು ಉತ್ತರದ ಕಿಟಕಿಯ ಹತ್ತಿರ ಗಾಳಿ ಆಡುವಲ್ಲಿ ಇಡಿ. ಮಣ್ಣಿನ ಮೈಯಿಂದ ನೀರು ಆರುವಾಗಲೇ ಒಳಗಿನದು ತಣ್ಣಗಾಗುವುದು, ಆದ್ದರಿಂದ ಬಣ್ಣ ಬಳಿದ ಹರವಿ ತರಬೇಡಿ, ಕಪಾಟಿನೊಳಗೂ ಇಡಬೇಡಿ.

ಆರ್‌ಒ ಯಂತ್ರ ಇದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಪೈಪನ್ನು ಸಿಂಕಿಗೆ ಬಿಡದೆ ಕೆಳಗೊಂದು ಬಕೆಟ್ಟಿಗೆ ಬಿಡಿ, ನೆಲ ಒರೆಸಲು, ಪಾಯಖಾನೆಗೆ ಆಗುತ್ತದೆ.

ಬಿಸಿಲು, ಮಾಳಿಗೆ, ಕೂಲರ್

ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ಎರಡು ಅಡಿ ದಪ್ಪ, ಮೇಲೆ ದಪ್ಪ ಮಣ್ಣು. ಶಾಖ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಈಗಿನ 5 ಇಂಚಿನ ಸ್ಲ್ಯಾಬ್ ದಿನವಿಡೀ ಕಾದು ರಾತ್ರಿ ಒಳಕ್ಕೆ ಬಿಡುತ್ತದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ತಂಪು ಗಾಳಿ ಇದ್ದರೂ ಕೋಣೆಯೊಳಗೆ ಕುದಿಯುವುದು ಅದಕ್ಕೆ. ಬೀದರ್ ಎತ್ತರದಲ್ಲಿದೆ, ಅಲ್ಲಿ ರಾತ್ರಿ ಸ್ವಲ್ಪ ಸಸಾರ. ಕಲಬುರಗಿ, ಯಾದಗಿರಿಯಲ್ಲಿ ಆ ಸೌಲಭ್ಯ ಇಲ್ಲ.

ಆದ್ದರಿಂದ ಹಣ ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ಮಾಳಿಗೆ, ಅಂದರೆ ಮೇಲ್ಛಾವಣಿ: ಪ್ರತಿ ವರ್ಷ ಮಾರ್ಚ್ ಮೊದಲ ವಾರ ತೊಳೆದು ಎರಡು ಕೋಟ್ ಸುಣ್ಣವೋ ಬಿಳಿ ಕೂಲ್ ರೂಫ್ ಬಣ್ಣವೋ. ಎರಡನೆಯದು ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು. ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಗಾಜು ದಾಟಿ ಬಂದ ಬಿಸಿಲು ಕೋಣೆಯಲ್ಲೇ ಉಳಿಯುತ್ತದೆ. ಹೊರಗೆ ಬಿದಿರಿನ ತಡಿಕೆ ಇಳಿಬಿಟ್ಟರೆ ಗಾಜಿಗೇ ಬಿಸಿಲು ತಾಗದು. ಮೂರನೆಯದು ಸಾಮಾನಿನ ಜಾಗ: ಪಶ್ಚಿಮದ ಗೋಡೆಗೆ ಬಟ್ಟೆ ಕಪಾಟು ಬರಲಿ, ಮಂಚದ ತಲೆ ಅಲ್ಲಿಗೆ ಬೇಡ. ಫಾಲ್ಸ್ ಸೀಲಿಂಗ್ ಕೊನೆಗೆ. ಒಂಬತ್ತೂವರೆ ಅಡಿಯ ಕೋಣೆಯಲ್ಲಿ ಅದನ್ನು 9 ಇಂಚು ಇಳಿಸಿದರೆ ಫ್ಯಾನಿನ ರೆಕ್ಕೆ 8 ಅಡಿಗಿಂತ ಕೆಳಗೆ ಬರುತ್ತದೆ, ಸ್ಲ್ಯಾಬ್ ಸೋರಿದರೂ ಕಾಣುವುದಿಲ್ಲ. ಆ ಹಣ ಮಾಳಿಗೆಯ ಮೇಲೆ ಹಾಕಿದರೆ ಹೆಚ್ಚು ತಂಪು.

ಕೂಲರ್ ಇಲ್ಲದ ಮನೆ ಇಲ್ಲಿ ಕಡಿಮೆ, ಕೂಲರ್‌ಗೆಂದು ಜಾಗ ಮಾಡಿದ ಮನೆಯೂ ಕಡಿಮೆ. ಒಣ ಗಾಳಿ ಒದ್ದೆ ಪ್ಯಾಡ್ ದಾಟಿ ಬಂದಾಗ ತಂಪಾಗುತ್ತದೆ, ಜತೆಗೆ ತೇವವನ್ನೂ ತರುತ್ತದೆ. ಆ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೇ ಕೂಲರ್ ಇಟ್ಟರೆ ಅದೇ ತೇವದ ಗಾಳಿ ಮತ್ತೆ ಮತ್ತೆ ತಿರುಗಿ ಒಂದು ತಾಸಿನಲ್ಲಿ ಮೈ ಅಂಟಂಟು. "ಕೂಲರ್ ಕೆಲಸ ಮಾಡುತ್ತಿಲ್ಲ" ಎನ್ನುವವರ ಮನೆಯಲ್ಲಿ ಹೆಚ್ಚಿನ ಸಲ ಇದೇ ತಪ್ಪು.

ಲೆಕ್ಕ ಇಷ್ಟೇ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,440 ಘನ ಅಡಿ ಗಾಳಿ ಇದೆ. ಗಂಟೆಗೆ 30 ಸಲ ಬದಲಾಗಬೇಕೆಂದರೆ ನಿಮಿಷಕ್ಕೆ 720 ಘನ ಅಡಿ, ಅಂದರೆ ಗಂಟೆಗೆ ಸುಮಾರು 1,200 ಘನ ಮೀಟರ್. ಡಬ್ಬದ ಮೇಲೆ ಈ ಅಂಕಿ ಬರೆದಿರುತ್ತದೆ, ಲೀಟರ್ ನೋಡಿ ಕೂಲರ್ ಕೊಳ್ಳಬೇಡಿ. ಗಾಳಿ ಹೊರಗೆ ಹೋಗಲು ನಿಮಿಷಕ್ಕೆ 1,000 ಘನ ಅಡಿಗೆ 2 ಚದರ ಅಡಿ ಕಿಂಡಿ ಬೇಕು. ಈ ಕೋಣೆಗೆ ಒಂದೂವರೆ ಚದರ ಅಡಿ, ಅಂದರೆ 18 ಇಂಚು ಅಗಲ, 12 ಇಂಚು ಎತ್ತರದ ಒಂದು ಬೆಳಕಿಂಡಿ. ಅದನ್ನು ಕೂಲರ್ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಇಡಿಸಿ, ಸೊಳ್ಳೆ ಜಾಳಿಗೆ ಹಾಕಿಸಿ, ಮುಚ್ಚಲು ಬರುವಂತಿರಲಿ. ಮುಂದೆ ಅದೇ ಕೋಣೆಗೆ ಎಸಿ ಹಾಕಿಸಿದರೆ ಅದು ಮುಚ್ಚಿರಬೇಕು. ಕೂಲರ್‌ಗೆ ತೆರೆದ ಕೋಣೆ ಬೇಕು, ಎಸಿಗೆ ಮುಚ್ಚಿದ ಕೋಣೆ.

ಕೂಲರ್ ಕಿಟಕಿಯ ಹೊರಗೆ ನೆರಳಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಲಿ. 60 ಲೀಟರ್ ನೀರು ಸೇರಿ 80 ಕೆ.ಜಿ. ಆಗುತ್ತದೆ, ಕಿಟಕಿಯ ಗ್ರಿಲ್ಲಿಗೆ ತೂಗುಹಾಕಬೇಡಿ. ಬಚ್ಚಲಿನ ಹತ್ತಿರದ ಕಿಟಕಿ ಬೇಡ, ವಾಸನೆಯನ್ನೂ ಎಳೆದು ತರುತ್ತದೆ. ಅರ್ಧ ಇಂಚಿನ ನೀರಿನ ಪೈಪು, ಫ್ಲೋಟ್ ವಾಲ್ವ್ ಕೊಟ್ಟರೆ ರಾತ್ರಿ ಎದ್ದು ಬಕೆಟ್ ಹೊರುವ ಕೆಲಸ ತಪ್ಪುತ್ತದೆ. ನಮ್ಮ ಗಡಸು ನೀರಿನಿಂದ ಪ್ಯಾಡಿಗೆ ಉಪ್ಪು ಕಟ್ಟುತ್ತದೆ, ಎರಡು ಮೂರು ದಿನಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಗಿಡಕ್ಕೆ ಬಿಡಿ. ವಾರ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ. ಇನ್ನೊಂದನ್ನು ದಯವಿಟ್ಟು ಮುಂದೂಡಬೇಡಿ: ತಗಡಿನ ಮೈ, ಒದ್ದೆ ಕೈ, ಕರೆಂಟು ಮೂರೂ ಸೇರುವ ಜಾಗ ಇದು. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಕೂಲರ್ ಹಚ್ಚಲೇಬಾರದು.

ಪಡಸಾಲೆ ಮತ್ತು ಹಾಸಿಗೆ

ಪಡಸಾಲೆಯಲ್ಲಿ ಹತ್ತು ಮಂದಿ ಎದುರುಬದುರು ಎರಡು ಸಾಲಾಗಿ ನೆಲದ ಮೇಲೆ ಊಟಕ್ಕೆ ಕೂರಲು 10 ಅಡಿ ಉದ್ದ, 8 ಅಡಿ ಅಗಲ ಬೇಕು: ತಲೆಗೆ 2 ಅಡಿ, ಸಾಲಿಗೆ ಎರಡೂವರೆ ಅಡಿ, ನಡುವೆ ಬಡಿಸುವವರಿಗೆ 3 ಅಡಿ. ದಸ್ತರಖಾನ್ ಹಾಸುವ ಮನೆಗೂ ಇಷ್ಟೇ ಜಾಗ ಸಾಕು. ಎಲ್ ಆಕಾರದ ಭಾರದ ಸೋಫಾ ಈ ಜಾಗವನ್ನೇ ನುಂಗುತ್ತದೆ. ಗೋಡೆಗೆ ಹೊಂದಿಸಿ 16 ಇಂಚು ಎತ್ತರದ ದಿವಾನ ಎರಡು ಹಾಕಿ, ನಡುವಿನ ನೆಲ ಖಾಲಿ ಬಿಡಿ, ಜಮಖಾನ ಸುತ್ತಿಡಲು ಮೂಲೆಯಲ್ಲಿ ಒಂದು ಅಡಿ ಜಾಗ ಬಿಡಿ.

ಗಾದಿ, ಕೌದಿಗಳಿಗೆ ಬಟ್ಟೆ ಕಪಾಟಿನಲ್ಲಿ ಜಾಗ ಹುಡುಕಬೇಡಿ. 3 ಅಡಿ ಅಗಲ, 2 ಅಡಿ ಆಳ, 7 ಅಡಿ ಎತ್ತರದ ಒಂದು ಕಪಾಟು ಅವಕ್ಕೇ ಬಿಡಿ. ಕೆಳಗಿನ ಮೂರೂವರೆ ಅಡಿಯಲ್ಲಿ ಮಡಚಿದ ಆರು ಗಾದಿ, ಮೇಲೆ ಕೌದಿ, ದಿಂಬು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮನೆಯಾದರೆ ಈ ಕಪಾಟು ಮೆಟ್ಟಿಲ ಬುಡದಲ್ಲೋ ಮೇಲಿನ ಹೆಡ್‌ರೂಮಿನಲ್ಲೋ ಬರಲಿ, ಬಾಗಿಲಿಗೆ ಗಾಳಿಕಿಂಡಿ ಇರಲಿ. ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಟು-ವೇ ಸ್ವಿಚ್ ಕೊಡಿ, ಹಾಸಿಗೆ ಹೊತ್ತವರು ಕತ್ತಲಲ್ಲಿ ಇಳಿಯುವಂತಾಗಬಾರದು.

ಬಾಗಿಲ ಹೊರಗೆ ಚಪ್ಪಲಿಗೆ ಜಾಗ, ಕೂತು ಕೈಕಾಲು ತೊಳೆಯಲು 14 ಇಂಚಿನ ಕಟ್ಟೆ, ಅದಕ್ಕಿಂತ 5 ಇಂಚು ಮೇಲೆ ಒಂದು ನಲ್ಲಿ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವಜೂ ಮಾಡುವ ಮನೆಯಲ್ಲಿ ಇದು ದಿನಕ್ಕೆ ಐದು ಸಲ ಉಪಯೋಗಕ್ಕೆ ಬರುತ್ತದೆ, ಹೊಲದಿಂದ ಬಂದವರಿಗೂ ಇದೇ ಬೇಕು. ಎರಿ ಮಣ್ಣು ಒಳಗೆ ಬರುವುದು ಇಲ್ಲೇ ನಿಲ್ಲುತ್ತದೆ.

ಬಚ್ಚಲಲ್ಲಿ ಹಿರಿಯರಿಗಾಗಿ 33–34 ಇಂಚು ಎತ್ತರದಲ್ಲಿ ಹಿಡಿಕಂಬಿ, ಒರಟು ಮೈಯ ಟೈಲ್ಸ್. ಶಹಾಬಾದ್ ಕಲ್ಲು ಹಾಸಿದ ಬಚ್ಚಲಿಗೆ ಆ್ಯಸಿಡ್ ಹಾಕಿ ತೊಳೆಯಬಾರದು, ಕಲ್ಲೇ ಕರಗುತ್ತದೆ. ಗ್ಯಾಸ್ ಗೀಸರ್ ಬಚ್ಚಲ ಒಳಗೆ ಬೇಡ, ಮುಚ್ಚಿದ ಕೋಣೆಯಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ. ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರು ಕೈಯಿಡಲಾಗದಷ್ಟು ಕಾಯುತ್ತದೆ, ಆದ್ದರಿಂದ ಬೆಳಗ್ಗೆ ಹಿಡಿದಿಡಲು ಎರಡು ದೊಡ್ಡ ಬಕೆಟ್ಟಿನ ಜಾಗ ಒಳಗೇ ಇರಲಿ.

ಕೆಲಸದ ಸರದಿ ಮತ್ತು ಮರ

ಮೊದಲು ನೀರಿನ ಪೈಪು ಮತ್ತು ವೈರಿಂಗ್, ಆಮೇಲೆ ಕಟ್ಟೆ ಮತ್ತು ಫರ್ಸಿ, ಆಮೇಲೆ ಒಂದು ಕೋಟ್ ಬಣ್ಣ, ಆಮೇಲೆ ಬಡಿಗನ ಕೆಲಸ, ಕೊನೆಗೆ ಕೊನೆಯ ಕೋಟ್. ಬಡಿಗ ಮೊದಲು ಬಂದರೆ ಹೊಸ ಕಪಾಟಿನ ಹಿಂದೆ ಗೋಡೆ ಒಡೆಯಬೇಕಾಗುತ್ತದೆ. ಎಸಿ, ಗೀಸರ್‌ಗೆ 4 ಚದರ ಮಿ.ಮೀ. ವೈರು ಈಗಲೇ ಎಳೆಸಿಡಿ, ಯಂತ್ರ ಆಮೇಲೆ ತಂದರಾಯಿತು. ಅಡುಗೆ ಕಟ್ಟೆಯಿಂದ 9 ಇಂಚು ಎತ್ತರದಲ್ಲಿ ಕನಿಷ್ಠ ನಾಲ್ಕು ಪ್ಲಗ್ ಪಾಯಿಂಟು, ಫ್ರಿಜ್ಜಿಗೆ ಬೇರೆಯದೇ ಒಂದು.

ಸಿಂಕ್ ಕೆಳಗೆ ಮತ್ತು ಬಚ್ಚಲ ಹತ್ತಿರ ಐಎಸ್ 710 ಗುರುತಿನ (ನೀರು ತಡೆಯುವ) ಪ್ಲೈವುಡ್, ಉಳಿದ ಕಡೆ ಐಎಸ್ 303 ಗುರುತಿನ ಸಾಮಾನ್ಯ ಪ್ಲೈವುಡ್ ಸಾಕು. ಗುರುತನ್ನು ಹಲಗೆಯ ಮೇಲೇ ನೋಡಿ, ಬಿಲ್ಲಿನಲ್ಲಿ ಬರೆದದ್ದನ್ನು ನಂಬಬೇಡಿ. ಪಾರ್ಟಿಕಲ್ ಬೋರ್ಡು ನೆಲ ಒರೆಸುವ ನೀರಿಗೇ ಉಬ್ಬುತ್ತದೆ. ಕಪಾಟಿನ ಬಾಗಿಲಿಗೆ ಎರಡೂ ಬದಿ ಲ್ಯಾಮಿನೇಟ್ ಹಚ್ಚಿಸಿ, ಒಂದೇ ಬದಿ ಹಚ್ಚಿದರೆ ಬಾಗುತ್ತದೆ. ಮರದ ಬಾಗಿಲು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಆಗಸ್ಟ್‌ನಲ್ಲಿ ಹಾಕಲು ಬಾರದು, ಸುತ್ತ 3 ಮಿ.ಮೀ. ಸಂದು ಇರಲಿ. ಎರಿ ಭೂಮಿಯ ಮೇಲಿನ ಮನೆಯಲ್ಲಿ ಮಣ್ಣು ಹಿಗ್ಗಿ ಕುಗ್ಗಿ ಗೋಡೆಯೂ ಸ್ವಲ್ಪ ಸರಿಯುತ್ತದೆ. ಅಲ್ಲಿ ಗೋಡೆಯಿಂದ ಗೋಡೆಗೆ ಬಿಗಿದ ಕಪಾಟು ಮಾಡಿಸದೆ ಎರಡೂ ಬದಿ ಅರ್ಧ ಇಂಚು ಬಿಟ್ಟು ಪಟ್ಟಿ ಹೊಡೆಸಿ.

ಕೊನೆಯ ಕಂತು ಕೊಡುವ ದಿನ ಬಡಿಗ, ಗೌಂಡಿ, ಪ್ಲಂಬರ್ ಮೂವರನ್ನೂ ಬೆಳಗ್ಗೆಯೇ ಮನೆಗೆ ಬರಹೇಳಿ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ನಾಲ್ಕು ಕೊಡ ತುಂಬಿ ಕಲ್ಲಿನ ಹಾಸಿನ ಮೇಲಿಡಿ. ಕೂಲರ್ ಹಚ್ಚಿ, ಬೆಳಕಿಂಡಿಯ ಹತ್ತಿರ ಒಂದು ಕಾಗದದ ಚೂರು ಹಿಡಿದು ಅದು ಹೊರಕ್ಕೆ ಬಾಗುತ್ತದೆಯೇ ನೋಡಿ. ಆಮೇಲೆ ಒಲೆ ಹೊತ್ತಿಸಿ, ಎಸರಿಟ್ಟು, ಹೊಸ ಕಟ್ಟೆಯ ಮೇಲೆ ಹತ್ತು ರೊಟ್ಟಿ ಬಡಿಯಿರಿ. ಬಡಿಯುವಾಗ ಪಕ್ಕದ ಹಂಚು ಅಲುಗಿದರೆ, ಭುಜ ಮೇಲೆ ಬಂದರೆ, ಹಿಟ್ಟು ಕಾಲಿನ ಮೇಲೆ ಬಿದ್ದರೆ ಅವರು ಅಲ್ಲಿರುವಾಗಲೇ ತೋರಿಸಿ ಸರಿಮಾಡಿಸಿಕೊಳ್ಳಿ.